ಕೆರೆ ಕಾಣುವ ತಿರುವು

ಆ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವಳ ಕೈಲಿ ಬೈಸಿಕೊಂಡೇ ಕಲಿತವರು. ಎಲ್ಲರಿಗೂ ಅವಳು ಟೀಚರ್. ಡ್ರೈವಿಂಗ್ ಸ್ಕೂಲಿನ ಕಾರಿನ ಪಕ್ಕದ ಸೀಟಿನಲ್ಲಿ ಕೂತು, ಕಲಿಸುವವರಿಗೆಂದೇ ಜೋಡಿಸಿದ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಅವಳು ಅರ್ಧ ಆಯುಷ್ಯ ಕಳೆದಿದ್ದಳು. ಅಷ್ಟು ವರ್ಷಗಳಲ್ಲಿ ಆ ಕಾರುಗಳು ಓಡಿದ ದೂರಕ್ಕೆ ಭೂಮಿಯನ್ನೇ ಒಂದು ಸುತ್ತು ಹಾಕಿ ಬರಬಹುದಿತ್ತು. ಆದರೆ ಓಡಿದ್ದೆಲ್ಲ ಆಸ್ಪತ್ರೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮೈದಾನಕ್ಕೆ. ಗಾಣದೆತ್ತಿನ ಪ್ರಯಾಣ.

ಕೊಳವೆ ಹಾಕಲು ಆ ಮೈದಾನವನ್ನು ಅಗೆದುಹಾಕಿದಾಗ ಸ್ಕೂಲಿಗೆ ಒಂದು ವಾರ ರಜೆ ಕೊಡಬೇಕಾಯಿತು. ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು.

"ರೀ, ಈ ಸಲನಾದ್ರೂ ಹೋಗಿಬರೋಣ. ಅಪ್ಪ ಹೇಳ್ತಿದ್ದ ಆ ತಿರುವಿಗೆ."

ಗಂಡ ಕನ್ನಡಕದ ಅಂಗಡಿ ಇಟ್ಟವನು. ದಿನವಿಡೀ ಬೇರೆಯವರ ಕಣ್ಣ ಮುಂದೆ ಗಾಜು ಬದಲಿಸುತ್ತ 'ಈಗ ಕಾಣ್ತಾ? ಈಗ?' ಎಂದು ಕೇಳಿ ಕೇಳಿ, ಮನೆಗೆ ಬಂದ ಮೇಲೆ ಅವನಿಗೆ ಏನನ್ನೂ ನೋಡುವ ಆಸೆ ಉಳಿಯುತ್ತಿರಲಿಲ್ಲ.

"ನೋಡೋಣ" ಎಂದ.

ಮದುವೆಯಾದಾಗಿನಿಂದ ಇದೇ ಉತ್ತರ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ನೋಡೋಣ ಅಂದ್ರೆ ಹೂಂ ಅಂತಾನಾ, ಊಹೂಂ ಅಂತಾನಾ?"

"ಅಂಗಡಿ ಬಿಟ್ಟು ಹೇಗೆ ಬರಲಿ? ಅಷ್ಟಕ್ಕೂ ಅಲ್ಲೇನಿದೆ? ಒಂದು ತಿರುವು. ಫೋನಲ್ಲಿ ಹುಡುಕಿದ್ರೆ ಅಂಥವು ಸಾವಿರ ಸಿಗುತ್ತೆ."

ಅವಳು ತಟ್ಟೆಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ತೊಳೆದಿಟ್ಟಳು. ಬೆಳಗಾಗುತ್ತಲೇ ಫ್ಲಾಸ್ಕಿಗೆ ಚಹಾ ತುಂಬಿಕೊಂಡು, ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು, ಸ್ಕೂಲಿನ ಕಾರನ್ನೇ ತೆಗೆದುಕೊಂಡು ಒಬ್ಬಳೇ ಹೊರಟಳು. ಗಂಡ ಬಾಗಿಲಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ನಿಂತಿದ್ದ. ಬಾಯಲ್ಲಿ ನೊರೆ ಇದ್ದುದರಿಂದ ಅವನು ಹೇಳಿದ್ದು ಏನೆಂದು ಗೊತ್ತಾಗಲಿಲ್ಲ. ಕೇಳುವ ವ್ಯವಧಾನ ಅವಳಿಗೂ ಇರಲಿಲ್ಲ.

ಅವಳ ಅಪ್ಪ ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್ ಆಗಿದ್ದ. ಒಂದು ದಿನ ಹೋಗುವುದು, ಮರುದಿನ ಬರುವುದು, ಮೂರನೆಯ ದಿನ ಮನೆಯಲ್ಲಿ ಮಲಗುವುದು. ಅವನು ಮಲಗಿದ ದಿನ ಅಮ್ಮ ಗೋಡೆ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಕಪಾಟಿನೊಳಗೆ ಇಡುತ್ತಿದ್ದಳು. ಮಕ್ಕಳು ತುದಿಗಾಲಲ್ಲಿ ಓಡಾಡಬೇಕು. ಸಂಜೆ ಎದ್ದು, ಮುಖ ತೊಳೆದು, ಒಂದೂ ಮಾತಿಲ್ಲದೆ ಉಣ್ಣುತ್ತಿದ್ದ. ಅವನ ಬಾಯಿ ಬಿಡಿಸುವ ಉಪಾಯ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ ಮಾತ್ರ.

"ಅಪ್ಪಾ, ಈ ಸಲ ತಿರುವಲ್ಲಿ ಕೆರೆ ಹೇಗಿತ್ತು?"

ಆಗ ಅಪ್ಪ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ತಲೆ ಎತ್ತುತ್ತಿದ್ದ. ಘಟ್ಟದ ನೆತ್ತಿಯಲ್ಲಿ ಒಂದು ತಿರುವು. ಅಲ್ಲಿ ಗುಡ್ಡ ಪಕ್ಕಕ್ಕೆ ಸರಿದು ಕೆಳಗಿನ ದೊಡ್ಡ ಕೆರೆ ಇದ್ದಕ್ಕಿದ್ದಂತೆ ಪೂರ್ತಿ ಕಾಣುತ್ತದೆ. ನಿದ್ದೆ ಮಾಡುತ್ತಿದ್ದ ಬಸ್ಸೆಲ್ಲ ಎದ್ದು ಕೂರುತ್ತದೆ. ಒಂದು ದಿನ ಕೆರೆ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗಿತ್ತು. ಇನ್ನೊಂದು ದಿನ ಮಂಜು, ನಡುವಿನ ನಡುಗಡ್ಡೆ ಮಾತ್ರ ಎಮ್ಮೆಯ ಬೆನ್ನಿನಂತೆ ಕಂಡಿತ್ತು. ಮತ್ತೊಂದು ದಿನ ನೀರಿನ ಮೇಲೆ ಮೋಡದ ನೆರಳು ಓಡುತ್ತಿತ್ತು, ಮುದುಕಿಯೊಬ್ಬಳು ಅದನ್ನು ಮೀನೆಂದುಕೊಂಡಳು. ಹೇಳುತ್ತ ಹೇಳುತ್ತ ಅಪ್ಪನ ಮುಖ ಅರಳುತ್ತಿತ್ತು. "ದೊಡ್ಡ ರಜೆಯಲ್ಲಿ ಕರಕೊಂಡು ಹೋಗ್ತೀನಿ" ಎನ್ನುತ್ತಿದ್ದ. ದೊಡ್ಡ ರಜೆಯಲ್ಲಿ ಬಸ್ಸು ತುಂಬಿರುತ್ತಿತ್ತು. ಆಮೇಲೆ ಪರೀಕ್ಷೆ, ಆಮೇಲೆ ಮದುವೆ, ಆಮೇಲೆ ಬಾಣಂತನ. ಕೊನೆಗೊಂದು ದಿನ ಅಪ್ಪನೇ ಇಲ್ಲವಾದ.

ಹೆದ್ದಾರಿ ಸೇರುವ ತನಕ ಎಲ್ಲ ಸರಿಯಿತ್ತು. ಆಮೇಲೆ ಕಾರಿನ ನೆತ್ತಿಯ ಮೇಲಿದ್ದ ಬೋರ್ಡು ಕಾಟ ಕೊಡಲು ಶುರುಮಾಡಿತು. ಕೆಂಪು ಬಣ್ಣದ ದೊಡ್ಡ 'ಎಲ್' ಅಕ್ಷರ, ಕೆಳಗೆ ಡ್ರೈವಿಂಗ್ ಸ್ಕೂಲ್ ಎಂಬ ಬರಹ. ಹಿಂದಿನ ದಿನವೇ ಅದನ್ನು ಬಿಚ್ಚಲು ನೋಡಿದ್ದಳು. ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಿರಲಿಲ್ಲ. ಈಗ ಹಿಂದೆ ಬಂದವರೆಲ್ಲ ಹಾರನ್ ಹೊಡೆಯುವವರೇ. ಪಕ್ಕಕ್ಕೆ ಬಂದು ಕಿಟಕಿ ಇಳಿಸಿ, "ಗೇರ್ ಬದಲಾಯಿಸಿ ಅಮ್ಮಾ" ಎಂದವನೊಬ್ಬ. ಲಾರಿಯವನೊಬ್ಬ ಮೇಲಿನಿಂದ ಬಗ್ಗಿ ನೋಡಿ, "ಅಕ್ಕಾ, ಮಾಸ್ಟರನ್ನ ಎಲ್ಲಿ ಬೀಳಿಸಿ ಬಂದ್ರಿ?" ಎಂದು ಹಲ್ಲು ಕಿರಿದ. ಜಗತ್ತಿಗೆಲ್ಲ ಡ್ರೈವಿಂಗ್ ಹೇಳಿಕೊಟ್ಟವಳಿಗೆ ಹಾದಿಯಲ್ಲಿ ಹೋಗುವವರೆಲ್ಲ ಡ್ರೈವಿಂಗ್ ಹೇಳಿಕೊಡುತ್ತಿದ್ದರು. ಅವಳು ಸ್ಟೀರಿಂಗನ್ನು ಹಿಂಡುವಂತೆ ಹಿಡಿದು ಮುಂದೆಯೇ ನೋಡುತ್ತ ಹೋದಳು.

ಒಂದು ಕೂಡುರಸ್ತೆಯಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದ.

"ಕಲಿಸೋರು ಎಲ್ಲಿ?"

"ನಾನೇ ಕಲಿಸೋಳು."

ಅವನು ಖಾಲಿ ಸೀಟನ್ನು ನೋಡಿದ. "ಹಾಗಾದ್ರೆ ಕಲಿಯೋರು ಎಲ್ಲಿ?"

"ಕಲಿಯೋರು ಯಾರೂ ಇಲ್ಲ. ನನ್ನ ಪಾಡಿಗೆ ನಾನು ಹೋಗ್ತಿದ್ದೀನಿ."

"ಮತ್ತೆ ಬೋರ್ಡ್ ಯಾಕೆ?"

"ಬಿಚ್ಚೋಕೆ ಬರ್ತಿಲ್ಲ ಸ್ವಾಮಿ. ನಿಮ್ಮ ಕೈಲಾದ್ರೆ ಬಿಚ್ಚಿಕೊಡಿ, ಪುಣ್ಯ ಬರುತ್ತೆ."

ಅವನು ನಿಜಕ್ಕೂ ಸ್ವಲ್ಪ ಹೊತ್ತು ಬೋಲ್ಟು ತಿರುಗಿಸಿ ನೋಡಿದ. ಬೆರಳು ತರಚಿಕೊಂಡು, ಆ ಸಿಟ್ಟಿಗೆ ಅವಳ ಲೈಸೆನ್ಸನ್ನು ಹಿಂದೆ ಮುಂದೆ ತಿರುವಿ, ಹೋಗು ಎಂದು ಕೈಬೀಸಿದ.

ಮಧ್ಯಾಹ್ನದ ಹೊತ್ತಿಗೆ ಗಾಯದ ಮೇಲೆ ಬರೆ ಎಳೆದಂತೆ ಇನ್ನೊಂದು ತಾಪತ್ರಯ ಎದುರಾಯಿತು. ಗಾಳಿಯಂತ್ರದ ಒಂದೇ ಒಂದು ರೆಕ್ಕೆಯನ್ನು ಹೊತ್ತ ಟ್ರೇಲರ್ ರಸ್ತೆ ತುಂಬ ಮಲಗಿಕೊಂಡು ಹೋಗುತ್ತಿತ್ತು. ಬಿಳಿಯ ರೆಕ್ಕೆ, ಒಂದು ಬೀದಿಯಷ್ಟು ಉದ್ದ. ಹಿಂದೆ ಕಾವಲಿನ ಜೀಪು, ಅದರ ಮೇಲೆ ಹಳದಿ ದೀಪ. ಆ ಮೆರವಣಿಗೆಗೆ ನಡೆಯುವ ಮನುಷ್ಯನಷ್ಟೂ ವೇಗವಿರಲಿಲ್ಲ. ಅವಳು ಹಾರನ್ ಹೊಡೆದಳು. ಮತ್ತೆ ಹೊಡೆದಳು. ಸಣ್ಣ ತಿರುವೊಂದರಲ್ಲಿ ರೆಕ್ಕೆಯನ್ನು ತಿರುಗಿಸಲು ಎಲ್ಲವೂ ನಿಂತಾಗ, ಜೀಪಿನಿಂದ ಕೆಂಪು ಬಾವುಟ ಹಿಡಿದ ಹೆಂಗಸೊಬ್ಬಳು ಇಳಿದು ದಾಪುಗಾಲು ಹಾಕುತ್ತ ಇವಳತ್ತ ಬಂದಳು. ಜಗಳಕ್ಕೇ ಬಂದವಳು ಬೋರ್ಡು ನೋಡಿ ನಿಂತಳು, ಮುಖ ನೋಡಿ ಬಾಯಿ ತೆರೆದಳು.

"ಟೀಚರ್? ನೀವಾ?"

ಟೀಚರಿಗೂ ಗುರುತು ಹತ್ತಿತು. ಮೂರು ಸಲ ಪರೀಕ್ಷೆಯಲ್ಲಿ ಫೇಲಾದವಳು. ಎದುರಿಗೆ ಸೈಕಲ್ ಬಂದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು.

"ನೀನಾ? ಈ ಕೆಲಸ ಮಾಡ್ತಿದ್ದೀಯಾ?"

"ಹೂಂ ಟೀಚರ್. ಇಡೀ ದೇಶ ಸುತ್ತುತ್ತೀನಿ. ನೀವು ನನಗೆ ಏನಂತ ಬೈತಿದ್ರಿ ನೆನಪಿದೆಯಾ? ರಸ್ತೆ ಏನು ನಿಮ್ಮತ್ತೆ ಮನೆ ಅಂಗಳನಾ ಅಂತ." ಅವಳು ಸಂತೋಷದಿಂದ ನಕ್ಕಳು. "ಒಬ್ರೇ ಎಲ್ಲಿಗೆ ಹೊರಟ್ರಿ?"

"ಘಟ್ಟದ ಕಡೆಗೆ. ಬೆಳಕಿರೋವಾಗ ಮುಟ್ಟಬೇಕಿತ್ತು. ನನ್ನೊಬ್ಬಳನ್ನ ಬಿಟ್ಟುಬಿಡೇ. ಪಕ್ಕದಲ್ಲಿ ತೂರಿಕೊಂಡು ಹೋಗ್ತೀನಿ. ನನ್ನ ಡ್ರೈವಿಂಗ್ ನಿನಗೆ ಗೊತ್ತಿಲ್ವಾ?"

ಆ ಹೆಂಗಸು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಲೆಯಾಡಿಸಿದಳು. "ಆಗಲ್ಲ ಟೀಚರ್. ಮುಂದೆ ಏನಿದೆ ಅಂತ ಕಾಣದೆ ಓವರ್‌ಟೇಕ್ ಮಾಡಬಾರದು. ನೀವೇ ಹೇಳಿಕೊಟ್ಟಿದ್ದು."

"ನಾನು ಹೇಳಿಕೊಟ್ಟಿದ್ದನ್ನ ನನಗೇ ಹೇಳ್ತೀಯಾ?"

"ಬೇರೆ ಯಾರಿಗಾದ್ರೂ ಹೇಳೋಕೆ ಧೈರ್ಯ ಬರುತ್ತೆ ಟೀಚರ್. ನಿಮಗೆ ಹೇಳೋಕೆ ಈಗಲೂ ಕಾಲು ನಡುಗ್ತಿದೆ. ಆದ್ರೂ ಬಿಡಲ್ಲ."

ಬಿಡಲಿಲ್ಲ. ಕಿಟಕಿಯಿಂದ ಎರಡು ಬಾಳೆಹಣ್ಣು ಕೊಟ್ಟು ಹೋದಳು. ಟೀಚರ್ ಅವನ್ನು ತಿನ್ನುತ್ತ ಇಡೀ ಮಧ್ಯಾಹ್ನ ಆ ಬಿಳಿ ರೆಕ್ಕೆಯ ಬಾಲ ಹಿಡಿದು ತೆವಳಿದಳು. ಶಿಷ್ಯೆಯ ಮೇಲೆ ಹೆಮ್ಮೆಪಡಬೇಕು ಎಂದು ಗೊತ್ತಿತ್ತು. ಆದರೆ ಬಂದದ್ದು ಬರೀ ಸಿಟ್ಟು.

ನಡುನಡುವೆ ಗಂಡನ ಫೋನು.

"ನೀರಿನ ಮೋಟರಿನ ಸ್ವಿಚ್ ಯಾವುದು? ಮೇಲಿನದಾ, ಕೆಳಗಿನದಾ?"

"ಕೆಳಗಿನದು."

ಸ್ವಲ್ಪ ಹೊತ್ತಿಗೆ ಮತ್ತೆ. "ಕೆಳಗಿನದು ಹಾಕಿದ್ರೆ ಹೊರಗಿನ ದೀಪ ಹತ್ತುತ್ತೆ."

"ಅದರ ಕೆಳಗಿಂದು ಕಣ್ರೀ. ಇಷ್ಟು ವರ್ಷ ಆ ಮನೇಲಿ ಇದ್ದಿದ್ದು ನೀವೋ, ನಿಮ್ಮ ನೆರಳೋ?"

"ಸಿಟ್ಟು ಯಾಕೆ ಮಾಡ್ಕೋತೀಯಾ? ಕೇಳಿದೆ ಅಷ್ಟೆ."

ಆ ದಿನ ಘಟ್ಟ ಮುಟ್ಟಲಾಗಲಿಲ್ಲ. ದಾರಿಯಲ್ಲಿ ಸಿಕ್ಕ ಲಾಡ್ಜಿನಲ್ಲಿ ಉಳಿದಳು. ಗೋಡೆಯಾಚೆ ಯಾರದೋ ಟಿವಿ, ಹಾಸಿಗೆಯ ನಡುವೆ ಬೇರೊಬ್ಬರ ಮೈ ಮಾಡಿದ ತಗ್ಗು. ಬೆಳಗ್ಗೆ ಎದ್ದಾಗ ಸೊಂಟ ಹಿಡಿದಿತ್ತು. ಆದರೂ ಕಾರು ಹತ್ತಿದ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು. ದೂರದಲ್ಲಿ ಗುಡ್ಡಗಳ ಸಾಲು ಕಂಡಾಗ ಅವಳು ಚಿಕ್ಕವಳಾಗಿದ್ದಾಗ ಕ್ರೇಯಾನಿನಲ್ಲಿ ಬರೆದಿದ್ದ ಚಿತ್ರ ನೆನಪಾಯಿತು: ಹಸಿರು ಗುಡ್ಡ, ನೀಲಿ ಕೆರೆ, ಗುಡ್ಡದಷ್ಟೇ ದೊಡ್ಡದಾದ ಕೆಂಪು ಬಸ್ಸು.

ಗುಡ್ಡದ ಬುಡಕ್ಕೆ ಬಂದರೆ ರಸ್ತೆ ಮೇಲಕ್ಕೆ ಹತ್ತಲೇ ಇಲ್ಲ. ನೇರವಾಗಿ ಹೋಗಿ ಒಂದು ಸುರಂಗದೊಳಗೆ ನುಗ್ಗಿತು. ಅವಳಿಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಕತ್ತಲು, ಹಳದಿ ದೀಪಗಳ ಸಾಲು, ಮತ್ತೆ ಬೆಳಕು. ಗುಡ್ಡ ಹಿಂದೆ ಬಿದ್ದಿತ್ತು. ಘಟ್ಟವೇ ಇಲ್ಲದೆ ಘಟ್ಟ ಮುಗಿದುಹೋಗಿತ್ತು.

ಅವಳು ಬೈದುಕೊಳ್ಳುತ್ತ ಕಾರು ತಿರುಗಿಸಿ ಸುರಂಗ ದಾಟಿ ವಾಪಸು ಬಂದಳು. ಸುರಂಗದ ಬಾಯಿಯ ಪಕ್ಕದಲ್ಲಿ ಹಳೆಯ ರಸ್ತೆಯೊಂದು ಕವಲೊಡೆದಿತ್ತು. ಅದರ ಆರಂಭದಲ್ಲೇ ತಗಡಿನ ಮಾಡಿನ ಒಂದು ಸಣ್ಣ ಹೋಟೆಲು, ಮುಂದೆ ಬಸ್ಸುಗಳು ನಿಲ್ಲುವಷ್ಟು ವಿಶಾಲವಾದ ಖಾಲಿ ಜಾಗ. ಸ್ವಲ್ಪ ಆಚೆಗೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಗೇಟು, ಗೇಟಿಗೆ ಬೀಗ. ಹೋಟೆಲಿನ ಬಾಗಿಲಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದ ಅಜ್ಜಿಯನ್ನು ಕೇಳಿದಳು.

"ಅಜ್ಜಿ, ಮೇಲಿನ ತಿರುವಿಗೆ ದಾರಿ?"

"ಅದನ್ನ ಮುಚ್ಚಿ ಎಷ್ಟೋ ಕಾಲ ಆಯ್ತಲ್ಲಮ್ಮ. ಗೇಟಿನ ಪಕ್ಕ ಸಂದಿಯಿದೆ, ನಡೆದು ಹೋಗಬಹುದು. ಆದ್ರೆ ಯಾಕೆ ಹೋಗ್ತೀಯಾ? ಏನೂ ಕಾಣಲ್ಲ."

"ಇಷ್ಟು ದೂರದಿಂದ ಬಂದಿದ್ದೀನಿ. ಕಾಣುತ್ತೋ ಇಲ್ಲವೋ ನಾನೇ ನೋಡ್ತೀನಿ."

ಅಜ್ಜಿ ಭುಜ ಹಾರಿಸಿ ಇನ್ನೊಂದು ಈರುಳ್ಳಿ ಎತ್ತಿಕೊಂಡಳು.

ಹಳೆಯ ಡಾಂಬರು ಒಡೆದು ಹುಲ್ಲು ಬೆಳೆದಿತ್ತು. ಟೀಚರ್ ಏದುಸಿರು ಬಿಡುತ್ತ, ನಿಂತು ನಿಂತು ಹತ್ತಿದಳು. ಎಷ್ಟೋ ತಿರುವುಗಳಾದ ಮೇಲೆ ರಸ್ತೆಯ ಅಂಚಿನಲ್ಲಿ ಬಿಳಿ ಬಣ್ಣ ಮಾಸಿದ ತಡೆಗೋಡೆ ಸಿಕ್ಕಿತು. ಇದೇ ಇರಬೇಕು. ಗೋಡೆಯಾಚೆ ಮಣ್ಣು ಕುಸಿಯದಿರಲೆಂದು ಯಾವಾಗಲೋ ನೆಟ್ಟ ಮರಗಳು ಆಳೆತ್ತರ ದಾಟಿ, ಒಂದಕ್ಕೊಂದು ಅಂಟಿಕೊಂಡು, ಆಕಾಶದವರೆಗೆ ಎದ್ದಿದ್ದವು. ಎಲೆ, ಎಲೆಯ ಹಿಂದೆ ಎಲೆ. ಅವಳು ಅತ್ತ ಹೋಗಿ ನೋಡಿದಳು, ಇತ್ತ ಹೋಗಿ ನೋಡಿದಳು. ಗೋಡೆಯ ಮೇಲೆ ಹತ್ತಿ ಕೊಂಬೆಯೊಂದನ್ನು ಹಿಡಿದು ಬಗ್ಗಿಸಿದಳು. ಕೊಂಬೆ ಕೈಯಿಂದ ಜಾರಿ ಕೆನ್ನೆಗೆ ಬಾರಿಸಿತು. ಕಾಲು ತಪ್ಪಿ ರಸ್ತೆಯ ಕಡೆಗೇ ಕುಸಿದು ಕೂತಳು. ಮೊಣಕೈ ತರಚಿತು, ಬಟ್ಟೆಯ ಅಂಚು ಹರಿಯಿತು.

ಗುಡ್ಡ ಅಗೆದು ಇಲಿ ಹಿಡಿದವರಿಗೆ ಇಲಿಯಾದರೂ ಸಿಕ್ಕಿರುತ್ತದೆ. ಅವಳಿಗೆ ಅದೂ ಇರಲಿಲ್ಲ. ಅಲ್ಲೇ ನೆಲದಲ್ಲಿ ಕೂತು ಅತ್ತಳು. ದುಃಖಕ್ಕಿಂತ ಹೆಚ್ಚಾಗಿ ಕೋಪಕ್ಕೆ. ಮರಗಳ ಮೇಲೆ, ಸುರಂಗ ಕೊರೆದವರ ಮೇಲೆ, ನೋಡೋಣ ನೋಡೋಣ ಎಂದ ಗಂಡನ ಮೇಲೆ, ದೊಡ್ಡ ರಜೆ ಎಂದು ಆಸೆ ಹುಟ್ಟಿಸಿ ಹೋದ ಅಪ್ಪನ ಮೇಲೆ.

ಕೆಳಗಿಳಿದು ಬಂದಾಗ ಅಜ್ಜಿ ಏನನ್ನೂ ಕೇಳದೆ ಚೊಂಬಿನಲ್ಲಿ ನೀರು ಕೊಟ್ಟಳು. ಗಾಯ ತೊಳೆದುಕೊಂಡ ಮೇಲೆ ಚಹಾ ತಂದಿಟ್ಟಳು. ಒಳಗೆ ಉದ್ದದ ಮೇಜುಗಳು, ಗಿರಾಕಿಗಳಿಲ್ಲ. ಮುಂಚೆ ಬಸ್ಸುಗಳೆಲ್ಲ ಊಟಕ್ಕೆ ಇಲ್ಲೇ ನಿಲ್ಲುತ್ತಿದ್ದವು, ಈಗ ಸುರಂಗದ ಕೆಲಸದವರು ನಾಲ್ಕು ಜನ ಬರುತ್ತಾರೆ ಎಂದಳು.

"ನಮ್ಮಪ್ಪನೂ ಈ ದಾರಿಯಲ್ಲಿ ಬಸ್ಸು ಓಡಿಸ್ತಿದ್ದ" ಎಂದಳು ಟೀಚರ್. "ಎತ್ತರದ ಆಳು. ಬಾನೆಟ್ ಬಿದ್ದು ತೋರುಬೆರಳು ಅರ್ಧ ಹೋಗಿತ್ತು."

ಅಜ್ಜಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಅರ್ಧಬೆರಳಣ್ಣನ ಮಗಳಾ ನೀನು? ಅಯ್ಯೋ, ಮೂಗು ನೋಡಿದಾಗಲೇ ಹೊಳೀಬೇಕಿತ್ತು. ಅವನು ಬಂದ ಅಂದ್ರೆ ಈ ಮೇಜಲ್ಲಿ ನಗು ನಿಲ್ತಿರಲಿಲ್ಲ. ಎಂಥಾ ಮಾತುಗಾರ."

"ನಮ್ಮಪ್ಪನಾ? ಮಾತುಗಾರನಾ? ನೀವು ಬೇರೆ ಯಾರನ್ನೋ ಹೇಳ್ತಿದ್ದೀರಿ. ಮನೇಲಿ ಬಾಯಿಗೆ ಬೀಗ ಹಾಕ್ಕೊಂಡಿರ್ತಿದ್ದ."

"ಇಲ್ಲೇ ಎಲ್ಲಾ ಆಡಿ ಮುಗಿಸ್ತಿದ್ದ ಅನ್ಸುತ್ತೆ" ಎಂದಳು ಅಜ್ಜಿ.

ಆ ಮಾತು ಚುಚ್ಚಿತು. ಗಡಿಯಾರವನ್ನು ಟವೆಲಿನಲ್ಲಿ ಸುತ್ತುತ್ತಿದ್ದ ಅಮ್ಮ, ತುದಿಗಾಲಲ್ಲಿ ನಡೆಯುತ್ತಿದ್ದ ಮಕ್ಕಳು. ಇಲ್ಲಿ ಗುರುತು ಪರಿಚಯವಿಲ್ಲದ ಪ್ರಯಾಣಿಕರಿಗೆ ಅಪ್ಪನ ನಗು. ಟೀಚರ್ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ಹೋಗಲಿ ಬಿಡಿ. ಅವನು ವಾರಕ್ಕೆ ಎಷ್ಟೋ ಸಲ ನೋಡಿದ ಕೆರೇನ ನನಗೆ ಜನ್ಮದಲ್ಲಿ ಒಂದ್ಸಲ ನೋಡೋಕಾಗಲಿಲ್ಲ. ಅಷ್ಟೇ ನನ್ನ ಹಣೆಬರಹ."

ಅಜ್ಜಿ ಅವಳನ್ನು ವಿಚಿತ್ರವಾಗಿ ನೋಡಿದಳು. "ಅವನೆಲ್ಲಿ ನೋಡಿದ? ಆ ತಿರುವಲ್ಲಿ ಯಾವ ಡ್ರೈವರ್ ತಾನೇ ಪಕ್ಕಕ್ಕೆ ನೋಡ್ತಾನೆ? ಒಂದು ಗಳಿಗೆ ಕಣ್ಣು ತಪ್ಪಿದ್ರೆ ಬಸ್ಸು ಕೆರೇಲೇ ಇರ್ತಿತ್ತು."

ಟೀಚರ್ ತಲೆ ಎತ್ತಿದಳು.

"ಇಲ್ಲಿ ಬಂದು ಕೂತು ಎಲ್ಲರನ್ನೂ ಕೇಳ್ತಿದ್ದ" ಎಂದು ಅಜ್ಜಿ ಮುಂದುವರಿಸಿದಳು. "ಏನ್ ಕಾಣ್ತು? ನೀರು ಯಾವ ಬಣ್ಣ ಇತ್ತು? ನಡುಗಡ್ಡೆ ಕಾಣ್ತಾ? ಒಬ್ಬಳು ಮೋಡದ ನೆರಳನ್ನ ಮೀನು ಅಂದಳು ನೋಡು, ಅವತ್ತು ಎಷ್ಟು ನಕ್ಕಿದ್ದ. ನಿನಗ್ಯಾಕಪ್ಪಾ ಅಷ್ಟೊಂದು ಅಂತ ನಾನೇ ಕೇಳಿದೆ ಒಂದ್ಸಲ. ಮನೇಲಿ ಒಂದು ಮಗು ಕೇಳುತ್ತೆ, ಪ್ರತಿ ಸಲ ಬೇರೆ ಬೇರೆ ಹೇಳ್ಬೇಕು ಅಂದ."

"ಅಂದ್ರೆ ನನಗೆ ಹೇಳಿದ್ದೆಲ್ಲ ಸುಳ್ಳಾ?"

"ಸುಳ್ಳು ಯಾಕಾಗುತ್ತೆ? ಕಂಡೋರ ಹತ್ರ ಕೇಳಿ ಹೇಳಿದ್ದು."

"ಒಂದು ದಿನ ಬಸ್ಸು ನಿಲ್ಲಿಸಿ ನೋಡಬಹುದಿತ್ತಲ್ಲ."

ಕೇಳಿ ಮುಗಿಸುವಷ್ಟರಲ್ಲೇ ಅವಳಿಗೆ ತಾನೇನು ಹೇಳಿದೆ ಎಂಬುದು ಅರಿವಾಯಿತು. ಮುಂದೆ ಕಾಣದ ತಿರುವಿನಲ್ಲಿ ಗಾಡಿ ನಿಲ್ಲಿಸಿದವನನ್ನು ಅವಳು ಕಾರಿನಿಂದ ಇಳಿಸಿ ಮನೆಗೆ ನಡೆದುಹೋಗು ಎನ್ನುತ್ತಿದ್ದಳು. ಇಷ್ಟು ಜನಕ್ಕೆ ಕಲಿಸಿದವಳಿಗೆ ಇಷ್ಟು ವರ್ಷ ಈ ಸಣ್ಣ ವಿಷಯ ಹೊಳೆದಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಇಳಿಯಿತೇ ಎಂದರೆ ಪೂರ್ತಿ ಇಳಿಯಲಿಲ್ಲ. ಅದಕ್ಕೆ ನಿಲ್ಲಲು ಮೊದಲಿದ್ದ ಜಾಗ ಇರಲಿಲ್ಲ, ಅಷ್ಟೆ.

"ನೀವಾದ್ರೂ ನೋಡಿದ್ದೀರಾ ಆ ಕೆರೇನ?" ಎಂದು ಕೊನೆಗೆ ಕೇಳಿದಳು.

"ಒಲೆ ಬಿಟ್ಟು ನಾನೆಲ್ಲಿ ಹೋಗ್ಲಿ? ಬಂದೋರೆಲ್ಲ ಕೆರೆ ಕೆರೆ ಅಂತಿದ್ರು. ಪಾತ್ರೆ ತೊಳೀತಾ ಕೇಳಿಸ್ಕೋತಿದ್ದೆ." ಅಜ್ಜಿ ಸ್ವಲ್ಪ ಯೋಚಿಸಿದಳು. "ಮೇಲಿಂದ ಕಾಣಲ್ಲ ನಿಜ. ಹಾಗಂತ ಕೆರೆ ಎಲ್ಲೂ ಎದ್ದು ಹೋಗಿಲ್ಲವಲ್ಲ. ಸುರಂಗ ದಾಟಿ ಕೆಳಗಿಳಿದ್ರೆ ದಡ ಸಿಗುತ್ತಂತೆ."

"ಬರ್ತೀರಾ?"

"ಅಂಗಡಿ?"

ಆ ಒಂದು ಪದ ಕೇಳಿ ಟೀಚರಿಗೆ ಮೈಯೆಲ್ಲ ಉರಿಯಿತು. "ನೀವೂ ಅಂಗಡಿ ಅನ್ನಬೇಡಿ ಅಜ್ಜಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅಜ್ಜಿ ಅವಳ ಮುಖ ನೋಡಿದಳು, ಒಲೆಯ ಕಡೆ ನೋಡಿದಳು. ಎದ್ದು ಒಲೆ ಆರಿಸಿ, ಕೂದಲು ಸರಿಮಾಡಿಕೊಂಡು, ಬಾಗಿಲು ಎಳೆದುಕೊಂಡಳು.

ಸುರಂಗದಲ್ಲಿ ಅಜ್ಜಿ ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಆಚೆ ಬಂದ ಮೇಲೆ ಮಾತು ಶುರುವಾಯಿತು. ನಿಧಾನ, ಎಮ್ಮೆ ಇದೆ. ಹಾರನ್ ಹೊಡಿ. ಅಷ್ಟು ಜೋರಾಗಿ ಬೇಡ. ನಿಮ್ಮಪ್ಪ ಇಷ್ಟು ಅಲುಗಾಡಿಸ್ತಿರಲಿಲ್ಲ. ಟೀಚರ್ ಹಲ್ಲು ಕಚ್ಚಿಕೊಂಡು ಓಡಿಸಿದಳು. ಎರಡು ಸಲ ದಾರಿ ತಪ್ಪಿ, ಒಂದು ಸಲ ಯಾರದೋ ಹೊಲದ ಬೇಲಿಯವರೆಗೆ ಹೋಗಿ ಹಿಂದಕ್ಕೆ ಬಂದು, ಸಂಜೆಯ ಬಿಸಿಲು ಇನ್ನೂ ಇರುವಾಗಲೇ ದಡ ಮುಟ್ಟಿದರು.

ಕೆರೆ ದೊಡ್ಡದೇ. ದಡದ ಹತ್ತಿರ ನೀರು ಕಂದು, ದೂರದಲ್ಲಿ ಬೂದು. ನಡುಗಡ್ಡೆಯೊಂದಿತ್ತು, ಅದರ ಮೇಲೆ ಮೊಬೈಲ್ ಟವರ್ ಎದ್ದಿತ್ತು. ಒಬ್ಬ ಮನುಷ್ಯ ಟೆಂಪೊ ತೊಳೆಯುತ್ತಿದ್ದ.

"ಇಷ್ಟೇನಾ?" ಎಂದಳು ಅಜ್ಜಿ.

"ಇಷ್ಟೇ ಅನ್ಸುತ್ತೆ."

ಆದರೂ ಅಜ್ಜಿ ಚಪ್ಪಲಿ ಬಿಟ್ಟು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹೋಗಿ ನೀರಿನಂಚಿನಲ್ಲಿ ಕೂತು ಪಾದಗಳನ್ನು ಇಳಿಬಿಟ್ಟಳು. ಏಳಲೇ ಇಲ್ಲ. ಟೀಚರ್ ಹಿಂದೆ ನಿಂತು ಕಾದಳು. ಕತ್ತಲಾದರೆ ಈ ದಾರಿಯಲ್ಲಿ ಕಷ್ಟ ಎಂದು ಒಮ್ಮೆ ಹೇಳಿದಳು, ಕೆಲಸದವರು ಊಟಕ್ಕೆ ಬರುತ್ತಾರಲ್ಲ ಎಂದು ಇನ್ನೊಮ್ಮೆ ನೆನಪಿಸಿದಳು. "ಬಂದೋರು ಕಾಯ್ತಾರೆ ಬಿಡು" ಎಂದಳು ಅಜ್ಜಿ, ತಿರುಗಿಯೂ ನೋಡದೆ.

ಆಗ ಗಂಡನ ಫೋನು ಬಂತು.

"ಮೋಟರ್ ಸರಿಹೋಯ್ತು" ಎಂದ. "ನೀನು ಮುಟ್ಟಿದೆಯಾ?"

"ಮುಟ್ಟಿದೆ."

"ತಿರುವು ಸಿಕ್ತಾ?"

"ಸಿಕ್ತು. ಅಲ್ಲಿಂದ ಏನೂ ಕಾಣಲ್ಲ. ಮರ ಬೆಳೆದಿದೆ."

"ನಾನು ಮೊದಲೇ ಹೇಳಿದ್ದೆ" ಎನ್ನುತ್ತಾನೆಂದು ಅವಳು ಕಾದಳು. ಅವನು ಹೇಳಲಿಲ್ಲ. "ಮತ್ತೆ ಈಗ ಎಲ್ಲಿದ್ದೀಯಾ?" ಎಂದ.

"ಕೆರೆಯ ಹತ್ರ. ಕೆಳಗೆ."

"ಹೇಗಿದೆ?"

ಟೀಚರ್ ನೀರನ್ನು ನೋಡಿದಳು. ಬಾಯಿಗೆ ಬಂದ ಮಾತನ್ನು ಅಲ್ಲೇ ತಡೆದಳು.

"ನಾನು ಹೇಳಲ್ಲ. ಬೇಕಿದ್ರೆ ನೀವೇ ಬಂದು ನೋಡಿ."

ಆ ಕಡೆ ಅಂಗಡಿಯ ಬಾಗಿಲಿನ ಗಂಟೆ ಒಮ್ಮೆ ಕಿಣಿ ಎಂದಿತು, ಯಾರೋ ಗಿರಾಕಿ ಬಂದಿರಬೇಕು.

"ಅಲ್ಲಿಗೆ ಬಸ್ಸು ಯಾವುದಿದೆ?" ಎಂದು ಅವನು ಕೇಳಿದ.

"ನನಗೇನು ಗೊತ್ತು? ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿ" ಎಂದು ಫೋನ್ ಇಟ್ಟಳು. ಸಿಟ್ಟಿನ್ನೂ ಇತ್ತು. ಚಪ್ಪಲಿ ಬಿಟ್ಟು, ಜಾರುವ ಕಲ್ಲುಗಳನ್ನು ಬೈಯುತ್ತ, ಅಜ್ಜಿಯ ಪಕ್ಕಕ್ಕೆ ಹೋಗಿ ಕೂತಳು.